ಖಾನಾಪುರ ರಸ್ತೆಯ ಚೈನ್ ಸಾ ರಿಪೇರಿ ಅಂಗಡಿ: ಹಳೆಯ ಯಂತ್ರವಿದ್ದವರು ನೋಡಲೇಬೇಕು

ಬೆಳಗಾವಿಯ ಖಾನಾಪುರ ರಸ್ತೆಯಲ್ಲಿರುವ ಈ ಚಿಕ್ಕ ಅಂಗಡಿಯಲ್ಲಿ ಚೈನ್ ಸಾ (ಮರ ಕೊಯ್ಯುವ ಎಂಜಿನ್ ಗರಗಸ), ಹುಲ್ಲು ಕತ್ತರಿಸುವ ಯಂತ್ರ, ಔಷಧಿ ಸಿಂಪಡಿಸುವ ಪಂಪುಗಳಂತಹ ಸಣ್ಣ ಎಂಜಿನ್‌ಗಳನ್ನು ಮಾತ್ರ ರಿಪೇರಿ ಮಾಡುತ್ತಾರೆ. ತೋಟದ ಮನೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ನಮ್ಮ ಚೈನ್ ಸಾವನ್ನು ಬೇರೊಂದು ಕಡೆ ಗುಜರಿಗೆ ಹಾಕಲು ಹೇಳಿದ್ದರು; ಇಲ್ಲಿನ ಮಿಸ್ತ್ರಿ ಸೈಲೆನ್ಸರ್ ಬಿಚ್ಚಿ, ಆ ಕಿಂಡಿಗೆ ಟಾರ್ಚ್ ಹಿಡಿದು, ಪಿಸ್ಟನ್ ಮೇಲೆ ಗೀರುಗಳಿಲ್ಲದ್ದನ್ನು ನನಗೂ ತೋರಿಸಿದ ನಂತರವೇ ಕೆಲಸಕ್ಕೆ ಕೈ ಹಾಕಿದರು.

ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲಿನಿಂದ ಕಾರ್ಬ್ಯುರೇಟರ್‌ನ ತೆಳು ಡಯಾಫ್ರಾಮ್ (ಪೆಟ್ರೋಲಿನ ಹರಿವನ್ನು ನಿಯಂತ್ರಿಸುವ, ಬಾಗುವ ಪೊರೆ) ಸೆಟೆದು ಹಪ್ಪಳದಂತಾಗಿತ್ತು, ಪೆಟ್ರೋಲ್ ಪೈಪು ಬೆರಳಿನಿಂದ ಬಾಗಿಸಿದೊಡನೆ ಬಿರುಕು ಬಿಟ್ಟಿತು. ಎರಡನ್ನೂ ಬದಲಿಸಿದ ಮೇಲೆ, ಎಂಜಿನ್ನಿನಲ್ಲಿ ಎಲ್ಲಿಯಾದರೂ ಗಾಳಿ ಸೋರುತ್ತಿದೆಯೇ ಎಂದು ಪರೀಕ್ಷಿಸಿ, ಆನಂತರವಷ್ಟೇ ಕಾರ್ಬ್ಯುರೇಟರ್ ಸ್ಕ್ರೂ ಹೊಂದಿಸಿದರು. ಈ ಕ್ರಮ ಬಹಳ ಮುಖ್ಯ, ಏಕೆಂದರೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಓಡಿಸುವ ಇಂಥ ಟೂ ಸ್ಟ್ರೋಕ್ ಎಂಜಿನ್ನಿಗೆ ಹೊರಗಿನ ಗಾಳಿ ನುಗ್ಗಿದರೆ ಪೆಟ್ರೋಲಿನ ಜೊತೆಗೆ ಆಯಿಲ್ ಪಾಲೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಮ್ಮ ಯಂತ್ರಕ್ಕೆ 50:1 ಪ್ರಮಾಣ, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಎಂದು ಟ್ಯಾಂಕಿನ ಪಕ್ಕದಲ್ಲೇ ಬರೆದು ಕೊಟ್ಟಿದ್ದು ನನಗೆ ತುಂಬ ಹಿಡಿಸಿತು.

ಹಳೆಯ ಮಾದರಿಗಳ ಬಿಡಿಭಾಗಗಳನ್ನು ಹೊರಗಿನಿಂದ ತರಿಸಬೇಕಾಗುವುದರಿಂದ ಕೆಲಸ ನಿಧಾನ, ಮತ್ತು ಸರಪಳಿ ಹರಿತ ಮಾಡಲು ಬೇರೆಯೇ ಹಣ ಕೊಡಬೇಕು. ಮಳೆಗಾಲದಲ್ಲಿ ಬಿದ್ದ ಮರಗಳನ್ನು ತುಂಡರಿಸಬೇಕಾದವರು ಬೇಸಿಗೆಯಲ್ಲೇ ಯಂತ್ರ ಒಯ್ದು ಕೊಡುವುದು ಒಳ್ಳೆಯದು.