ಗಾಡಿ ಓಡಿಸಿ ನೋಡೋ ಮುಂಚೆ ಹತ್ತಕ್ಕೆ ಹತ್ತು ಕೊಡಬೇಡಿ

ಮಂಡ್ಯ ಸೀಮೆಯ ಒಬ್ಬ ರೈತರ 125 ಸಿಸಿ ಗಾಡಿ. ಕೊಂಡು ಐದು ತಿಂಗಳಾಗಿತ್ತು. ಬೆಳಿಗ್ಗೆ ಸಂಜೆ ನಾಲೆ ಏರಿ ಮೇಲೆ ಡೈರಿಗೆ ಹಾಲಿನ ಕ್ಯಾನು ಹೊತ್ತು ಓಡುವ ಗಾಡಿ ಅದು. ಎರಡನೇ ಫ್ರೀ ಸರ್ವಿಸ್‌ಗೆ ಬಿಟ್ಟಾಗ ಅವರು ಹೇಳಿದ್ದು ಒಂದೇ ಮಾತು: "ಮುಂದ್ಗಡೆ ಬ್ರೇಕ್ ಹಿಡುದ್ರೆ ಹ್ಯಾಂಡ್ಲು ಟಕ್ ಅಂತದೆ, ವಸಿ ನೋಡಿ." ಜಾಬ್ ಕಾರ್ಡಿನಲ್ಲಿ ಬರೆದುಕೊಂಡದ್ದು "ಜನರಲ್ ಚೆಕಪ್, ಆಯಿಲ್ ಚೇಂಜ್, ವಾಟರ್ ವಾಶ್" ಅಷ್ಟೇ. ಸಂಜೆಗೆ ಗಾಡಿ ತೊಳೆದು ಪಾಲಿಶ್ ಹೊಡೆದು ನಿಲ್ಲಿಸಿದ್ದರು. ಕೀ ಕೊಡುವ ಹುಡುಗ ಕೈ ಹಿಡಿದುಕೊಂಡು ಕೇಳಿದ: "ಸಾ, ಕಂಪ್ನಿಯಿಂದ ಫೋನ್ ಬತ್ತದೆ, ಹತ್ತಕ್ಕೆ ಹತ್ತೇ ಹೇಳ್ಬುಡಿ. ಎಂಟು ಅಂದ್ರೂ ನಮ್ಗೆ ಇನ್ಸೆಂಟಿವ್ ಕಟ್ಟಾಯ್ತದೆ." ಗಾಡಿ ಒಪ್ಪಿಕೊಂಡದ್ದಕ್ಕೆ ಅಂತ ಮೊಬೈಲಿಗೆ ಬಂದ ಓಟಿಪಿಯನ್ನೂ ಅಲ್ಲೇ ಕೇಳಿ ಹಾಕಿಕೊಂಡ. ಮೂರನೇ ದಿನ ಫೋನ್ ಬಂತು. ಪಾಪ, ಯಾರ ಮನೆ ಮಗುವೋ ಏನೋ ಅಂತ ಇವರು ಹತ್ತು ಕೊಟ್ಟರು. ಟಕ್ ಶಬ್ದ ಹಾಗೇ ಇತ್ತು.

ಮುಂದಿನ ಸರ್ವಿಸ್ ಹೊತ್ತಿಗೆ ಹ್ಯಾಂಡಲ್ ನೇರಕ್ಕೆ ಬಂದ ಕೂಡಲೇ ಕಚ್ಚಿದಂತೆ ನಿಲ್ಲುತ್ತಿತ್ತು. ಬಿಚ್ಚಿ ನೋಡಿದರೆ ಕೋನ್ ಸೆಟ್‌ನ, ಅಂದರೆ ಹ್ಯಾಂಡಲ್ ತಿರುಗುವ ಬುಡದ ಬೇರಿಂಗಿನ ಬಟ್ಟಲಿನಲ್ಲಿ ಬಾಲ್‌ಗಳು ಕೂತ ಜಾಗದಲ್ಲೆಲ್ಲ ಸಾಲಾಗಿ ಗುಳಿ ಬಿದ್ದಿದೆ, ಉಗುರು ಆಡಿಸಿದರೆ ಒಂದೊಂದೂ ತಡೆಯುತ್ತದೆ. "ಇದು ಸವೆಯೋ ಪಾರ್ಟು, ವಾರಂಟಿ ಬರಲ್ಲ" ಅಂದರು. ಹೋದ ಸಲವೇ ಹೇಳಿದ್ದೆ ಅಂದಾಗ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ದೂರಿನ ಜಾಗ ಖಾಲಿ. ಗ್ರಾಹಕರು ಕೊಟ್ಟ ಅಂಕ 10.

ಹೊಸ ಗಾಡಿಯಲ್ಲಿ ಕೋನ್ ಸೆಟ್ ಸ್ವಲ್ಪ ಲೂಸ್ ಆಗುವುದು ದೊಡ್ಡ ವಿಷಯವೇ ಅಲ್ಲ. ಮೇಲಿನ ನಟ್ ಸಡಿಲಿಸಿ, ಒಳಗಿನ ರಿಂಗ್ ನಟ್ ಅನ್ನು ಬೇಕಾದಷ್ಟು ಬಿಗಿ ಮಾಡಿದರೆ ಮುಗಿಯಿತು. ಆದರೆ ಲೂಸ್ ಇಟ್ಟುಕೊಂಡೇ ಸಾವಿರಾರು ಕಿಲೋಮೀಟರ್ ಓಡಿಸಿದರೆ ಪ್ರತಿ ಹಳ್ಳಕ್ಕೂ ಬಾಲ್‌ಗಳು ಅದೇ ಜಾಗಕ್ಕೆ ಸುತ್ತಿಗೆ ಏಟಿನ ಹಾಗೆ ಬಡಿಯುತ್ತವೆ, ಬಟ್ಟಲು ಗುಳಿ ಬೀಳುತ್ತದೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಮುಂದಿನ ಚಕ್ರ, ಅದನ್ನು ಹಿಡಿದ ಫೋರ್ಕ್, ಹ್ಯಾಂಡಲ್ ಎಲ್ಲ ಬಿಚ್ಚಿ ಹೊಸ ಸೆಟ್ ಹಾಕಬೇಕು. ಮೊದಲ ಸಲವೇ ಆ ದೂರು ಕಾಗದಕ್ಕೆ ಬಿದ್ದಿದ್ದರೆ ಅರ್ಧ ಗಂಟೆಯ ಕೆಲಸವಾಗಿತ್ತು. ಅದು ಕಾಗದಕ್ಕೆ ಬೀಳದೆ ಅಂಕ ಮಾತ್ರ ಬಿದ್ದದ್ದರಿಂದ ರೈತರ ತಲೆ ಮೇಲೆ ಬಂತು. ಗಾಡಿ ಸರಿಯಾಗಿತ್ತು ಅನ್ನುವುದಕ್ಕೆ ಅವರ ಬಾಯಿಂದಲೇ ಸಾಕ್ಷಿ ತೆಗೆದುಕೊಂಡ ಹಾಗಾಯಿತು.

ಎಂಟು ಕೊಟ್ಟರೂ ಹುಡುಗರಿಗೆ ಯಾಕೆ ಭಯ? ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಬಂದರೆ ನಮ್ಮಲ್ಲಿ ಫಸ್ಟ್ ಕ್ಲಾಸ್. ಹಾಗಾಗಿ ನಮ್ಮ ಜನ ತೃಪ್ತಿಯಾಗಿಯೇ ಎಂಟು ಕೊಡುತ್ತಾರೆ. ಸರ್ವೆಯ ಲೆಕ್ಕ ಹಾಗಿಲ್ಲ. 2003ರಲ್ಲಿ ಅಮೆರಿಕದ ಫ್ರೆಡ್ ರೈಕ್‌ಹೆಲ್ಡ್ ಅನ್ನುವವರು ಮುಂದಿಟ್ಟ ನೆಟ್ ಪ್ರಮೋಟರ್ ಸ್ಕೋರ್ ಅನ್ನುವ ಪದ್ಧತಿ ಇದೆ. ಅದರಲ್ಲಿ 9 ಮತ್ತು 10 ಕೊಟ್ಟವರು ಮಾತ್ರ ಮೆಚ್ಚಿದವರು. 7, 8 ಕೊಟ್ಟವರು ಲೆಕ್ಕಕ್ಕಿಲ್ಲ. 0ಯಿಂದ 6ರವರೆಗೆ ಕೊಟ್ಟವರೆಲ್ಲ ಅತೃಪ್ತರು. ಮೆಚ್ಚಿದವರ ಶೇಕಡಾವಾರಿನಿಂದ ಅತೃಪ್ತರ ಶೇಕಡಾವಾರು ಕಳೆದರೆ ಬರುವುದು ಸ್ಕೋರು. ಅಂದರೆ ನೂರು ಜನ ಸಮಾಧಾನವಾಗಿ ಎಂಟು ಎಂಟು ಕೊಟ್ಟರೆ ಸ್ಕೋರು ಸೊನ್ನೆ. ಇಂಥ ಲೆಕ್ಕದ ಮೇಲೆ ಇನ್ಸೆಂಟಿವ್ ಕಟ್ಟಿದಾಗ ಕೆಳಗಿನ ಹುಡುಗ ಬೇಡದೆ ಇನ್ನೇನು ಮಾಡುತ್ತಾನೆ? ತಪ್ಪು ಅವನದಲ್ಲ. ಆದರೆ ಹಾಗೆ ಬೇಡಿ ಪಡೆದ ಹತ್ತುಗಳನ್ನು ಕೂಡಿಸಿ "ಗ್ರಾಹಕ ತೃಪ್ತಿಯಲ್ಲಿ ನಂಬರ್ ಒನ್" ಅಂತ ಬೋರ್ಡ್ ಹಾಕಿದಾಗ, ಅದನ್ನು ನೋಡಿ ಇನ್ನೊಬ್ಬರು ಮೂರು ವರ್ಷದ ಇಎಂಐ ಹೊತ್ತುಕೊಳ್ಳುತ್ತಾರೆ. ಹೊಟ್ಟೆ ಉರಿಯುವುದು ಅಲ್ಲಿ.

ಶೋರೂಮಿನ ಕೈ ಸೋಕದೆ ಹೊರಗಿನ ಸಂಸ್ಥೆಗಳು ಮಾಡುವ ಸರ್ವೆಗಳೂ ಇವೆ. ಅವು ಸುಳ್ಳಲ್ಲ. ಆದರೆ ಏನು ಅಳೆಯುತ್ತವೆ ಅಂತ ಗೊತ್ತಿಲ್ಲದೆ ಓದಿದರೆ ಮೋಸ ಹೋಗುತ್ತೇವೆ. ಜೆ.ಡಿ. ಪವರ್ ಸಂಸ್ಥೆ ನಮ್ಮ ದೇಶದಲ್ಲಿ ದ್ವಿಚಕ್ರ ವಾಹನಗಳ ಆರಂಭಿಕ ಗುಣಮಟ್ಟದ ಸಮೀಕ್ಷೆ ಮಾಡಿದ್ದು ಗಾಡಿ ಕೊಂಡು ಎರಡರಿಂದ ಆರು ತಿಂಗಳಾದವರನ್ನು ಕೇಳಿ. ಅದರ ಅಳತೆ, ನೂರು ಗಾಡಿಗೆ ಎಷ್ಟು ತೊಂದರೆ ಅನ್ನುವುದು. ಆರು ತಿಂಗಳಲ್ಲಿ ಕಾಣುವ ತೊಂದರೆ ಯಾವುವು? ಬ್ರೇಕ್ ಕಿರ್ ಅನ್ನುವುದು, ಕ್ಲಚ್ ಕೇಬಲ್ ಬಿಗಿಯಾಗಿರುವುದು, ಗೇರ್ ಸರಿಯಾಗಿ ಬೀಳದೆ ಇರುವುದು, ಪ್ಲಾಸ್ಟಿಕ್ ಗಲಗಲ ಅನ್ನುವುದು. ಚೈನ್ ಸ್ಪ್ರಾಕೆಟ್ ಸವೆಯುವುದು, ಫೋರ್ಕ್ ಆಯಿಲ್ ಸೀಲ್ ಸೋರುವುದು, ಕ್ಲಚ್ ಪ್ಲೇಟ್ ಜಾರುವುದು, ಬ್ಯಾಟರಿಗೆ ಹೋಗುವ ಕರೆಂಟನ್ನು ಹದ ಮಾಡುವ ರೆಕ್ಟಿಫೈಯರ್ ಸುಟ್ಟು ಬ್ಯಾಟರಿ ಹಾಳಾಗುವುದು, ಹಿಂದಿನ ಡ್ರಮ್ಮಿನ ರಬ್ಬರ್ ಪುಡಿಯಾಗಿ ಗೇರ್ ಹಾಕಿದಾಗಲೆಲ್ಲ ಹಿಂದಿನಿಂದ ಗುದ್ದಿದಂತಾಗುವುದು, ಇವೆಲ್ಲ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲಿನ ಮಾತು. ಜೇಬಿಗೆ ಕತ್ತರಿ ಬೀಳುವುದು ಆಗ. ಆ ಸರ್ವೆ ಅಲ್ಲಿಯವರೆಗೆ ಕಾಯುವುದೇ ಇಲ್ಲ. ಇನ್ನೊಂದು ವಿಷಯ. ಆ ಲೆಕ್ಕದಲ್ಲಿ ಮಿರರ್ ಅಲುಗಾಡುವುದೂ ಒಂದು ತೊಂದರೆ, ಎಂಜಿನ್ ನಡುರಸ್ತೆಯಲ್ಲಿ ನಿಲ್ಲುವುದೂ ಒಂದೇ ತೊಂದರೆ.

ತೃಪ್ತಿ ಬೇರೆ, ಬಾಳಿಕೆ ಬೇರೆ ಅನ್ನುವುದಕ್ಕೆ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2015ರಲ್ಲಿ ಕೊಟ್ಟ ಅಂಕಿಗಿಂತ ಒಳ್ಳೆಯ ಪುರಾವೆ ಬೇಡ. ಸುಮಾರು ಹನ್ನೊಂದು ಸಾವಿರ ಓದುಗರನ್ನು ಕೇಳಿ ಮಾಡಿದ ಸಮೀಕ್ಷೆ. ನಾಲ್ಕು ವರ್ಷ ಹಳೆಯ ಗಾಡಿಗಳಲ್ಲಿ ಕೈಕೊಡುವ ಪ್ರಮಾಣ ಯಮಹಾದಲ್ಲಿ ಶೇ. 11, ಸುಜುಕಿ ಮತ್ತು ಹೋಂಡಾದಲ್ಲಿ ಶೇ. 12, ಕವಾಸಕಿಯಲ್ಲಿ ಶೇ. 15, ವಿಕ್ಟರಿಯಲ್ಲಿ ಶೇ. 17, ಹಾರ್ಲೆ ಡೇವಿಡ್‌ಸನ್‌ನಲ್ಲಿ ಶೇ. 26. ಮತ್ತೆ ಕೊಳ್ಳಬೇಕಾದರೆ ಇದನ್ನೇ ಕೊಳ್ಳುತ್ತೀರಾ ಅಂತ ಕೇಳಿದಾಗ ಮೊದಲ ಸ್ಥಾನ ವಿಕ್ಟರಿಗೆ, ಶೇ. 80. ಎರಡನೆಯದು ಹಾರ್ಲೆಗೆ, ಶೇ. 72. ಮೂರನೆಯದು ಹೋಂಡಾಕ್ಕೆ, ಶೇ. 70. ಅತಿ ಕಡಿಮೆ ಕೈಕೊಟ್ಟ ಯಮಹಾ ಆ ಮೂರರಲ್ಲಿ ಇಲ್ಲವೇ ಇಲ್ಲ. ಅಷ್ಟು ಜನರ ಮನಸ್ಸು ಗೆದ್ದ ವಿಕ್ಟರಿಯನ್ನು ಅದರ ಮಾತೃಸಂಸ್ಥೆ ಪೊಲಾರಿಸ್ 2017ರ ಜನವರಿಯಲ್ಲಿ ಮುಚ್ಚುತ್ತೇವೆ ಅಂತ ಘೋಷಿಸಿತು. ಮಾಲೀಕರ ಪ್ರೀತಿ ಕಂಪನಿಯನ್ನೂ ಉಳಿಸಲಿಲ್ಲ.

ಮೈಸೂರಿನವರಿಗೆ ಇದನ್ನು ಅಂಕಿ ಕೊಟ್ಟು ವಿವರಿಸಬೇಕಾಗಿಲ್ಲ. ಜಾವಾ, ಯೆಜ್ಡಿ ಬೈಕ್ ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಇವತ್ತಿಗೂ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿಗಳನ್ನು ಒರೆಸಿ ಮಿಂಚಿಸಿ ಬೀದಿಗೆ ತರುತ್ತಾರೆ. ಅವರನ್ನು ಕೇಳಿ, ಹತ್ತಕ್ಕೆ ಹನ್ನೆರಡು ಕೊಡುತ್ತಾರೆ. ಅದೇ ಮಾಲೀಕರ ಟೂಲ್ ಬ್ಯಾಗಿನಲ್ಲಿ ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಉಜ್ಜಲು ಎಮ್ರಿ ಪೇಪರ್, ಒಂದು ಸ್ಪೇರ್ ಪ್ಲಗ್, ಕ್ಲಚ್ ಕೇಬಲ್ ಇದ್ದೇ ಇರುತ್ತವೆ. ಪ್ರೀತಿ ನಿಜ, ಪಾಯಿಂಟ್ ಕರಕಾಗುವುದೂ ನಿಜ. ಗಾಡಿ ಮೇಲಿನ ಪ್ರೀತಿಯನ್ನು ಯಾರೂ ತಪ್ಪು ಅನ್ನಲಾರರು. ಆದರೆ ಆ ಪ್ರೀತಿಯ ಅಂಕ ನೋಡಿ ಹಾಲು ಹೊರುವುದಕ್ಕೆ ಗಾಡಿ ಕೊಳ್ಳಬಾರದು.

ರಸ್ತೆಯೂ ಒಂದು ಲೆಕ್ಕ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ನಮ್ಮ ಗಾಡಿಗಳು ಓಡುವುದು ಸರ್ವಿಸ್ ರಸ್ತೆಯ ಹಂಪುಗಳ ಮೇಲೆ, ಕಬ್ಬಿನ ಲೋಡ್ ಟ್ರ್ಯಾಕ್ಟರ್ ಹಿಂದಿನ ಧೂಳಿನಲ್ಲಿ, ಮಳೆಗಾಲದಲ್ಲಿ ಗದ್ದೆ ಬಯಲಿನ ಕೆಸರಿನಲ್ಲಿ. ಊರೊಳಗೆ ಆಫೀಸಿಗೆ ಹೋಗಿಬರುವವರು ಮೆಚ್ಚಿದ ಏರ್ ಫಿಲ್ಟರ್, ಚೈನ್ ಇಲ್ಲಿ ಅಷ್ಟೇ ದಿನ ಬಾಳುವುದಿಲ್ಲ. ಯಾರ ಅಂಕ ಕೇಳಿದರೂ ಅವರ ಗಾಡಿ ಯಾವ ರಸ್ತೆ ಕಂಡಿದೆ ಅಂತ ಮೊದಲು ಕೇಳಿ.

ಈಗ ಸರ್ವಿಸ್ ಮುಗಿದ ಗಾಡಿಯ ಮುಂದೆ ನಿಂತಿದ್ದೀರಿ, ಓಟಿಪಿ ಬಂದಿದೆ ಅಂದುಕೊಳ್ಳಿ. ಕೊಡುವ ಮುಂಚೆ ಹತ್ತು ನಿಮಿಷ ತೆಗೆದುಕೊಳ್ಳಿ. ಮೊದಲು ಮೈನ್ ಸ್ಟ್ಯಾಂಡ್ ಹಾಕಿಸಿ, ಒಬ್ಬರು ಹಿಂದೆ ಅದುಮಲಿ, ಮುಂದಿನ ಚಕ್ರ ನೆಲ ಬಿಡಬೇಕು. ಫೋರ್ಕಿನ ಎರಡೂ ಕಾಲುಗಳ ಬುಡ ಹಿಡಿದು ಹಿಂದೆ ಮುಂದೆ ಎಳೆದಾಡಿ. ಲಟಕ್ ಅಂತ ಆಟ ಸಿಕ್ಕಿದರೆ ಕೋನ್ ಸೆಟ್ ಲೂಸ್. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ. ನಡುವೆ ಎಲ್ಲೂ ಕಚ್ಚಬಾರದು, ತನ್ನ ಭಾರಕ್ಕೇ ಪಕ್ಕಕ್ಕೆ ಬೀಳಬೇಕು. ಬೀಳದೆ ಬಿಗಿಯಾಗಿ ನಿಂತರೆ ನಟ್ ಅತಿಯಾಗಿ ಬಿಗಿದಿದ್ದಾರೆ, ಅದೂ ತಪ್ಪೇ. ಆಮೇಲೆ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಾ ಚೈನಿನ ಕೆಳಗಿನ ಭಾಗವನ್ನು ನಾಲ್ಕು ಕಡೆ ಬೆರಳಿನಲ್ಲಿ ಎತ್ತಿ ನೋಡಿ. ಹೆಚ್ಚಿನ ಸಣ್ಣ ಗಾಡಿಗಳಿಗೆ 20ರಿಂದ 30 ಮಿಲಿಮೀಟರ್ ಆಟ ಇರಬೇಕು, ನಿಮ್ಮ ಗಾಡಿಯದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತು ಬಿದ್ದರೆ ಚೈನ್ ಸಮನಾಗಿ ಸವೆದಿಲ್ಲ. ಆಯಿಲ್ ಅಳತೆ ಕಡ್ಡಿ ನೀವೇ ತೆಗೆದು ನೋಡಿ. ಹೊಸ ಆಯಿಲ್ ತಿಳಿಯಾಗಿ ಇರುತ್ತದೆ, ಕಪ್ಪಗಿದ್ದರೆ ಬದಲಾಯಿಸಿದ ಆಯಿಲಿನ ಖಾಲಿ ಡಬ್ಬ ತೋರಿಸಿ ಅನ್ನಿ. ಸೆಲ್ಫ್ ಹಿಡಿಯಲು ತೊಂದರೆ ಅಂತ ದೂರು ಇದ್ದರೆ ಮೀಟರ್ ಇಟ್ಟು ತೋರಿಸಲು ಹೇಳಿ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಆಕ್ಸಿಲರೇಟರ್ ಕೊಟ್ಟರೆ 13.5ರಿಂದ 14.5. ಅದಕ್ಕಿಂತ ಬಹಳ ಮೇಲೆ ಹೋದರೆ ರೆಕ್ಟಿಫೈಯರ್, ಮೇಲೇಳದಿದ್ದರೆ ಕರೆಂಟ್ ಹುಟ್ಟಿಸುವ ಕಾಯಿಲ್ ಕಡೆ ನೋಡಬೇಕು. ಕೊನೆಗೆ ಒಂದು ಕಿಲೋಮೀಟರ್ ಓಡಿಸಿ. ನೀವು ಹೇಳಿದ ತೊಂದರೆ ಹೋಗಿದ್ದರೆ ಓಟಿಪಿಯನ್ನೂ ಕೊಡಿ, ಹತ್ತಕ್ಕೆ ಹತ್ತನ್ನೂ ಮನಸಾರೆ ಕೊಡಿ. ಆ ಹುಡುಗನಿಗೆ ಅದು ನ್ಯಾಯವಾಗಿ ಸಲ್ಲಬೇಕು.

ಹೋಗಿಲ್ಲವಾದರೆ ಜಾಬ್ ಕಾರ್ಡಿನಲ್ಲಿ ಬರೆಸದೆ ಸಹಿ ಹಾಕಬೇಡಿ. "ಗಾಡಿ ತೃಪ್ತಿಕರವಾಗಿ ಸ್ವೀಕರಿಸಿದ್ದೇನೆ" ಅನ್ನುವ ಸಾಲು ಹೆಚ್ಚಿನ ಕಾರ್ಡುಗಳ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮುಂದೆ ಗ್ರಾಹಕರ ಆಯೋಗಕ್ಕೆ ಹೋದರೆ ಎದುರಿನವರು ಮೊದಲು ತೋರಿಸುವುದು ಅದನ್ನೇ. "ಶಬ್ದ ಬರುತ್ತದೆ" ಅಂತ ಬರೆದರೆ ಸಾಲದು. "ಮುಂದಿನ ಬ್ರೇಕ್ ಹಿಡಿದಾಗ ಹ್ಯಾಂಡಲ್ ಬುಡದಲ್ಲಿ ಟಕ್ ಶಬ್ದ, ಇಷ್ಟು ಕಿ.ಮೀ. ಆದಾಗಿನಿಂದ, ಈ ಸರ್ವಿಸ್‌ನಲ್ಲಿ ಸರಿಯಾಗಿಲ್ಲ" ಅಂತ ಬರೆಸಿ. ಓಡೋಮೀಟರ್ ಕಾಣುವಂತೆ ಫೋಟೋ, ಶಬ್ದದ ವಿಡಿಯೋ ತೆಗೆದಿಡಿ. ಅವರು ಬರೆಯುವುದಿಲ್ಲ ಅಂದರೆ ಅಲ್ಲೇ ನಿಂತು ಕಂಪನಿಯ ಗ್ರಾಹಕ ಸೇವೆಗೆ ಮೇಲ್ ಹಾಕಿ, ಗಾಡಿಯ ಚಾಸಿಸ್ ನಂಬರ್ ಸಮೇತ.

ಹೊಸ ಗಾಡಿ ಕೊಳ್ಳುವವರು ಮಾಲೀಕರನ್ನು "ಗಾಡಿ ಹೆಂಗಿದೆ ಅಣ್ಣ?" ಅಂತ ಕೇಳಬೇಡಿ. ಸಾಲ ಮಾಡಿ ತಂದವರು ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಬೇಸತ್ತು ಮಾರಿದವರು ಆ ಗಾಡಿ ಪಕ್ಕ ನಿಂತಿರುವುದಿಲ್ಲ. ಎಷ್ಟು ಕಿಲೋಮೀಟರ್ ಆಯ್ತು, ಪೆಟ್ರೋಲು, ಆಯಿಲು, ಟೈರು ಬಿಟ್ಟು ಏನೇನು ಬದಲಾಯಿಸಿದಿರಿ, ಪಾರ್ಟ್ ಬರಲು ಎಷ್ಟು ದಿನ ಕಾಯಿಸಿದರು ಅಂತ ಕೇಳಿ. ಮೂರನೆಯದು ಯಾವ ಸರ್ವೆಯಲ್ಲೂ ಸರಿಯಾಗಿ ಸಿಗದ ಉತ್ತರ, ಮಂಡ್ಯದಂಥ ಊರಿನಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಆ ಮಾಡೆಲ್‌ಗೆ ಯಾವ ಪಾರ್ಟ್ ಹೆಚ್ಚು ಹೋಗುತ್ತದೆ ಅಂತ ವಿಚಾರಿಸಿ. ಊರಲ್ಲಿ ಹೆಚ್ಚಿರುವ ಗಾಡಿಗೆ ಪಾರ್ಟೂ ಹೆಚ್ಚು ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಬ್ರೇಕ್ ಶೂ ಹೋಗುವುದು ಸಹಜ. ಹೊಸ ಮಾಡೆಲ್‌ಗೆ ಕ್ಲಚ್ ಪ್ಲೇಟೋ ಟೈಮಿಂಗ್ ಚೈನೋ ಹೋಗುತ್ತಿದ್ದರೆ ಯೋಚನೆ ಮಾಡಿ.

ದೂರು ನುಂಗಿಕೊಂಡರೆ ನಷ್ಟ ನಮ್ಮೊಬ್ಬರದೇ ಅಲ್ಲ. ಸುರಕ್ಷತೆಯ ದೋಷವಿದ್ದು ಮಾಲೀಕರ ದೂರುಗಳು ನಿಗದಿತ ಮಿತಿ ಮುಟ್ಟಿದರೆ ಗಾಡಿಗಳನ್ನು ವಾಪಸ್ ಕರೆಸಿ ಸರಿಪಡಿಸಲು ಸರ್ಕಾರ ಆದೇಶಿಸಬಹುದು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ ಈ ಅವಕಾಶ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದಾಖಲಾಗದ ದೂರು ಅಲ್ಲಿ ಎಣಿಕೆಗೇ ಬರುವುದಿಲ್ಲ. ಕಂಪನಿ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅರ್ಜಿ ಶುಲ್ಕವಿಲ್ಲ, ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು.

ಮೂರನೇ ದಿನ ಆ ಫೋನ್ ಬಂದಾಗ ಅವರು ಅಂಕವನ್ನೇ ಮೊದಲು ಕೇಳುತ್ತಾರೆ. ನೀವು ತೊಂದರೆಯನ್ನು ಮೊದಲು ಹೇಳಿ. "ಹುಡುಗರು ಚೆನ್ನಾಗಿ ಮಾತಾಡಿಸಿದರು, ಆದರೆ ಹ್ಯಾಂಡಲ್ ಶಬ್ದ ಹೋಗಿಲ್ಲ, ಅಂಕ ನಾಲ್ಕು, ಇದನ್ನು ದೂರು ಅಂತ ಬರೆದುಕೊಂಡು ನಂಬರ್ ಕೊಡಿ" ಅನ್ನಿ. ಆ ದೂರಿನ ನಂಬರ್ ಬರೆದುಕೊಳ್ಳುವ ತನಕ ಫೋನ್ ಇಡಬೇಡಿ.