ಕ್ಲೋರಿನ್‌ನ 35.5 ಎಲ್ಲಿಂದ ಬಂತು? ಫೆಟ್ ಸಿಮ್ಯುಲೇಷನ್ ಹೇಗಿದೆ

ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ತಂಡ ಉಚಿತವಾಗಿ ಕೊಡುವ ‘ಐಸೊಟೋಪ್ಸ್ ಅಂಡ್ ಅಟಾಮಿಕ್ ಮಾಸ್’ ಸಿಮ್ಯುಲೇಷನ್‌ನಲ್ಲಿ (ಕಂಪ್ಯೂಟರ್ ತೆರೆಯ ಮೇಲೆ ಮಾಡಿ ನೋಡುವ ಮಾದರಿ ಪ್ರಯೋಗ) ಎರಡು ಪರದೆಗಳಿವೆ. ಮೊದಲನೆಯದಕ್ಕೆ ಐದು ನಿಮಿಷ ಸಾಕು: ನ್ಯೂಟ್ರಾನ್ ಹಾಕಿದರೂ ತೆಗೆದರೂ ಧಾತು ಅದೇ, ರಾಶಿ ಮಾತ್ರ ಬೇರೆ. ಹೀಗೆ ನ್ಯೂಟ್ರಾನ್ ಸಂಖ್ಯೆಯಲ್ಲಷ್ಟೇ ಬೇರೆಯಾದ ಒಂದೇ ಧಾತುವಿನ ಪರಮಾಣುಗಳೇ ಐಸೊಟೋಪ್‌ಗಳು. ಸಾಪೇಕ್ಷ ಪರಮಾಣು ರಾಶಿ (ಐಸೊಟೋಪ್‌ಗಳ ಪ್ರಮಾಣಕ್ಕೆ ತಕ್ಕ ಸರಾಸರಿ ರಾಶಿ; ಶಾಲೆಯಲ್ಲಿ ಕ್ಲೋರಿನ್‌ಗೆ 35.5) ಕಲಿಸುವವರು ಸಮಯ ಕೊಡಬೇಕಾದದ್ದು ‘ಮಿಕ್ಸ್‌ಚರ್ಸ್’ ಎಂಬ ಎರಡನೆಯ ಪರದೆಗೆ.

ಕ್ಲೋರಿನ್ ಆರಿಸಿ. ಶೇಕಡಾ ಪ್ರಮಾಣ ಮತ್ತು ಸರಾಸರಿ ರಾಶಿ ತೋರಿಸುವ ಎರಡೂ ಪೆಟ್ಟಿಗೆಗಳನ್ನು ಮೊದಲೇ ಮುಚ್ಚಿಬಿಡಿ. ಉತ್ತರ ಕಣ್ಣೆದುರೇ ಇದ್ದರೆ ಯಾರೂ ಪೆನ್ಸಿಲ್ ಹಿಡಿಯುವುದಿಲ್ಲ. ಕ್ಲೋರಿನ್-35ರ ಮೂರು ಪರಮಾಣು, ಕ್ಲೋರಿನ್-37ರ ಒಂದು ಪರಮಾಣು ಎಳೆದು ಹಾಕಿ. ನೋಟ್‌ಬುಕ್ಕಿನಲ್ಲಿ 3 × 35 + 37 = 142, ನಾಲ್ಕರಿಂದ ಭಾಗಿಸಿದರೆ 35.5. ಈಗ ಪೆಟ್ಟಿಗೆ ತೆರೆದರೆ ಅಲ್ಲಿರುವುದು ಸುಮಾರು 35.468!

ಲೆಕ್ಕ ತಪ್ಪಾಯಿತೆಂದು ಮಕ್ಕಳು ಅಳಿಸಲು ಹೊರಡುವುದು ಇಲ್ಲೇ. ಅಳಿಸಬೇಕಿಲ್ಲ. 35 ಎಂಬುದು ರಾಶಿ ಸಂಖ್ಯೆ, ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಎಣಿಕೆ. ಸಿಮ್ಯುಲೇಷನ್ ತೆಗೆದುಕೊಳ್ಳುವುದು ಐಸೊಟೋಪಿನ ನಿಜವಾದ ರಾಶಿಯನ್ನು: 34.969 ಮತ್ತು 36.966. ಇದನ್ನು ಶಿಕ್ಷಕರೇ ಬಿಡಿಸಿ ಹೇಳಬೇಕು. ನನ್ನ ಮಟ್ಟಿಗೆ ಇಡೀ ಸಿಮ್ಯುಲೇಷನ್ನಿನಲ್ಲಿ ಅತ್ಯಂತ ಬೆಲೆಯುಳ್ಳ ಕ್ಷಣ ಇದು.

ಆಮೇಲೆ ‘ನೇಚರ್ಸ್ ಮಿಕ್ಸ್’ ಒತ್ತಿ. ನಿಸರ್ಗದಲ್ಲಿ ಕ್ಲೋರಿನ್-35 ಶೇ. 75.76, ಕ್ಲೋರಿನ್-37 ಶೇ. 24.24. ಆಯಾ ರಾಶಿಯನ್ನು ಅದರ ಪ್ರಮಾಣದಿಂದ ಗುಣಿಸಿ ಕೂಡಿದರೆ 26.49 + 8.96 = 35.45. ಶಾಲೆಯ 35.5 ಎಂಬುದು ಇದನ್ನೇ ಒಂದು ದಶಮಾಂಶಕ್ಕೆ ಸರಿಪಡಿಸಿ ಬರೆದದ್ದು. ಉತ್ತರ 36 ಬಂದರೆ ಪ್ರಮಾಣವನ್ನು ಮರೆತು ಬರೀ ಎರಡರ ಸರಾಸರಿ ತೆಗೆದಿದ್ದಾರೆ. 3545 ಬಂದರೆ ನೂರರಿಂದ ಭಾಗಿಸಿಲ್ಲ. ಸ್ಲೈಡರ್ ಎಳೆದಂತೆಲ್ಲ ಸರಾಸರಿ 34.969 ಮತ್ತು 36.966ರ ನಡುವೆಯೇ ಓಡಾಡುವುದನ್ನು, ಹೆಚ್ಚು ಇರುವ ಐಸೊಟೋಪಿನ ಕಡೆಗೆ ವಾಲುವುದನ್ನು ಕಣ್ಣಾರೆ ಕಂಡವರು ಈ ತಪ್ಪುಗಳನ್ನು ತಾವೇ ಹಿಡಿಯುತ್ತಾರೆ. ಬೋರಾನ್ ಕೂಡ ಅಭ್ಯಾಸಕ್ಕೆ ಚೆನ್ನ: ಬೋರಾನ್-10 ಒಂದಕ್ಕೆ ಬೋರಾನ್-11 ನಾಲ್ಕು ಹಾಕಿದರೆ 10.81ರ ಹತ್ತಿರಕ್ಕೇ ಬರುತ್ತದೆ.

ಕೊರತೆಯೆಂದರೆ ಧಾತುಗಳ ಪಟ್ಟಿ ಆರ್ಗಾನ್‌ಗೆ ನಿಲ್ಲುತ್ತದೆ. ಪರೀಕ್ಷೆಗಳ ಅಚ್ಚುಮೆಚ್ಚಿನ ತಾಮ್ರ ಇಲ್ಲಿಲ್ಲ. ರಾಶಿಯಿಂದ ಪ್ರಮಾಣ ಕಂಡುಹಿಡಿಯುವ ತಿರುವುಮುರುವು ಲೆಕ್ಕವನ್ನಂತೂ ಕಾಗದದ ಮೇಲೆಯೇ ಮಾಡಿಸಬೇಕು, ಎಚ್ಚರದಿಂದ. ತಾಮ್ರದ 63.55 ಇಟ್ಟುಕೊಂಡು, ತಾಮ್ರ-63ರ ಪಾಲು x ಎಂದು ಹಿಡಿದು 63x + 65(1 − x) = 63.55 ಎಂದು ಬಿಡಿಸಿದರೆ ತಾಮ್ರ-63 ಶೇ. 72.5 ಎಂದಾಗುತ್ತದೆ. ನಿಜವಾದ ಪ್ರಮಾಣ ಶೇ. 69.15. ಎಡಗಡೆ ಎಣಿಕೆ, ಬಲಗಡೆ ಅಳತೆ. ಬೆರೆಸಿದ್ದರಿಂದಲೇ ಈ ಎಡವಟ್ಟು. ಐಸೊಟೋಪ್‌ಗಳ ನಿಜವಾದ ರಾಶಿ 62.930 ಮತ್ತು 64.928 ಹಾಕಿ, ಬಲಗಡೆ 63.546 ಬರೆದರೆ ಶೇ. 69.2 ಸಿಗುತ್ತದೆ.