ಮೆಟ್ಟಿಲು ಹತ್ತದೆ ಹೋದ ಸಭೆ

ನಮ್ಮನೆಯಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದು ಅಡಿಕೆ ಅಂಗಳದ ಪೂರ್ವದ ಮೂಲೆಯಲ್ಲಿ ಮಾತ್ರ. ಅಕ್ಟೋಬರ್ 24ರ ಶುಕ್ರವಾರ ಸಂಜೆ ಏಳೂಕಾಲಿಗೆ ಅಲ್ಲೊಂದು ಕುರ್ಚಿ ಹಾಕಿ, ಎದುರಿಗೆ ಬಕೆಟ್ ಬೋರಲು ಹಾಕಿ, ಅದರ ಮೇಲೆ ಮೊಬೈಲ್ ನಿಲ್ಲಿಸಿಕೊಂಡು ಕೂತೆ. ಆ ಮೂಲೆಯಿಂದ ಅತ್ತೆ ಮಲಗುವ ಕೋಣೆಯ ಕಿಟಕಿ ಕಾಣುತ್ತದೆ. ಅವರಿಗೀಗ 86 ವರ್ಷ. ಕತ್ತಲಾದ ಮೇಲೆ ಒಬ್ಬರನ್ನೇ ಬಿಟ್ಟು ಹೋಗುವ ಹಾಗಿಲ್ಲ. ಹಾಗಾಗಿ ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಸಾಗರ ಪೇಟೆಯ ಒಂದೇ ಒಂದು ಸಂಜೆ ಕಾರ್ಯಕ್ರಮಕ್ಕೂ ನಾನು ಹೋದದ್ದಿಲ್ಲ.

ಅವತ್ತು ಹೋದದ್ದು ರೋಟರಿ ಎಂಬ ಸೇವಾ ಸಂಸ್ಥೆಯ, ನೆಟ್ಟಿನಲ್ಲೇ ಸೇರುವ ಒಂದು ಇ-ಕ್ಲಬ್ಬಿನ ಸಭೆಗೆ. ಕ್ಲಬ್ಬಿನ ಹೆಸರು ಬರೆಯುತ್ತಿಲ್ಲ. ಕೆಲವು ಕೊರತೆಗಳೂ ಕಂಡವು, ಅವನ್ನು ಅವರಿಗೇ ಫೋನಿನಲ್ಲಿ ಹೇಳಿದ್ದೇನೆ. ಮನೆ ಬಿಟ್ಟು ಹೊರಡಲಾಗದೆ, ಆದರೂ ಊರಿಗೆ ಏನಾದರೂ ಮಾಡಬೇಕು ಅನ್ನಿಸುವವರು ನಮ್ಮ ಕಡೆ ಬಹಳ ಜನ ಇದ್ದಾರೆ. ಇಂಥ ಸಭೆ ಹೇಗಿರುತ್ತದೆ ಎಂದು ಅವರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ರೋಟರಿ ಶುರುವಾದದ್ದೇ ಸಭೆಯಿಂದ. 1905ರ ಫೆಬ್ರವರಿ 23ರಂದು ಷಿಕಾಗೊದಲ್ಲಿ ವಕೀಲ ಪಾಲ್ ಹ್ಯಾರಿಸ್ ಮತ್ತು ಮೂವರು ಗೆಳೆಯರು ಒಬ್ಬರ ಕಚೇರಿಯಲ್ಲಿ ಕೂತು ಮಾತಾಡಿದರು. ಆಮೇಲೆ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರತೊಡಗಿದರು. ಸುತ್ತುತ್ತಾ ಹೋಗುವ ಸಭೆಯಾದ್ದರಿಂದ ರೋಟರಿ ಎಂಬ ಹೆಸರು ಬಂತು. ಇ-ಕ್ಲಬ್ಬಿನಲ್ಲಿ ಆ ಸಭೆ ನೆಟ್ಟಿನ ಮೇಲೆ ನಡೆಯುತ್ತದೆ, ಉಳಿದ ನಿಯಮಗಳೆಲ್ಲ ಹೆಚ್ಚುಕಮ್ಮಿ ಅವೇ. 2010ರಿಂದ ಇಂಥ ಕ್ಲಬ್ಬುಗಳಿಗೆ ಖಾಯಂ ಮಾನ್ಯತೆ ಇದೆ. ನಾನು ಹೋದ ಕ್ಲಬ್ಬು ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶುಕ್ರವಾರ ಸೇರುತ್ತದೆ, ಕನ್ನಡದಲ್ಲೇ ನಡೆಸುತ್ತದೆ. ಅತಿಥಿಗಳಿಗೆ ಶುಲ್ಕವಿಲ್ಲ.

ನನ್ನನ್ನು ಕರೆದವರು ಹಿಂದೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದ ಡಾಕ್ಟರು. ಅಕ್ಟೋಬರ್ 24 ವಿಶ್ವ ಪೋಲಿಯೊ ದಿನ. "ಸಿಸ್ಟರ್, ಒಂದು ಹತ್ತು ನಿಮಿಷ ನಿಮ್ಮ ತುಮರಿ ಕಡೆ ಅನುಭವ ಹೇಳ್ತೀರಾ?" ಎಂದರು. ವೇದಿಕೆ ಮೇಲೆ ನಿಂತು ಮಾತಾಡಿ ಅಭ್ಯಾಸವಿಲ್ಲ ಸರ್, ಅಂದೆ. "ವೇದಿಕೆ ಎಲ್ಲಿ ಬಂತು ಸಿಸ್ಟರ್, ನಿಮ್ಮನೆ ಅಂಗಳದಲ್ಲೇ ಕೂತ್ಕೊಳ್ಳಿ" ಎಂದರು.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಹಿಂದಿನ ದಿನ ಸಂಜೆ ನಾಲ್ಕಕ್ಕೆ ಕ್ಲಬ್ಬಿನ ಕಾರ್ಯದರ್ಶಿ ಫೋನ್ ಮಾಡಿದರು. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ ಇರಬೇಕು. ಝೂಮ್ ತೆರೆಸಿ, ಇಯರ್‌ಫೋನ್ ಹಾಕಿಸಿ, ಮಾತಾಡಿಸಿ ನೋಡಿದಳು. "ಅಕ್ಕಾ, ಲೈಟು ನಿಮ್ಮ ಬೆನ್ನ ಹಿಂದಿದೆ, ಮುಖ ಕಪ್ಪಾಗಿ ಕಾಣ್ತಿದೆ, ಕುರ್ಚಿ ತಿರುಗಿಸಿ" ಎಂದಳು. ಮ್ಯೂಟ್ ತೆಗೆಯುವುದು ಎಲ್ಲಿ, ಕೈ ಎತ್ತುವ ಗುರುತು ಎಲ್ಲಿ ಎಂದು ಮೂರು ಸಲ ತೋರಿಸಿದಳು, ಒಂದು ಸಲವೂ ಬೇಸರಪಡಲಿಲ್ಲ. ಬಂದವರನ್ನು ಹೀಗೆ ನೋಡಿಕೊಳ್ಳುವುದು ಯಾವ ಸಂಘಕ್ಕೂ ದೊಡ್ಡ ಗುಣ.

ಸಭೆ ಏಳೂವರೆಗೆ ಎಂದಿತ್ತು. ಗಂಟೆ ಬಾರಿಸುವ ಹೊತ್ತಿಗೆ 7.44. ರೋಟರಿ ಸಭೆ ಶುರುವಾಗುವುದು ಗಂಟೆ ಬಾರಿಸಿ. ಅಧ್ಯಕ್ಷೆ ಹೊಸನಗರದ ಕಡೆಯ ಒಬ್ಬ ಶಿಕ್ಷಕಿ. ಕ್ಯಾಮೆರಾದ ಮುಂದೆ ಗಂಟೆ ಹಿಡಿದು ಹೊಡೆದರು. ಕೈ ಆಡಿದ್ದು ಕಂಡಿತು, ಸದ್ದು ಮಾತ್ರ ಕೇಳಲಿಲ್ಲ. ಹೊರಗಿನ ಗದ್ದಲ ಬರದಂತೆ ತಡೆಯುವ ವ್ಯವಸ್ಥೆ ಗಂಟೆಯ ದನಿಯನ್ನೂ ಗದ್ದಲ ಎಂದು ನುಂಗಿತ್ತಂತೆ. ಆದರೂ ಆ ಗಂಟೆ ಒಬ್ಬ ಹೆಂಗಸಿನ ಕೈಯಲ್ಲಿ ಇದ್ದದ್ದು ನನಗೆ ಸಂತೋಷ ಕೊಟ್ಟಿತು. ಎಲ್ಲ ದೇಶಗಳ ಕ್ಲಬ್ಬುಗಳಲ್ಲೂ ಹೆಂಗಸರು ಸದಸ್ಯರಾಗಬಹುದು ಎಂದು ರೋಟರಿ ನಿಯಮ ಬದಲಿಸಿದ್ದು 1989ರಲ್ಲಿ.

ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಂತರು. ನೆಟ್ಟಿನಲ್ಲಿ ದನಿ ಹಿಂದುಮುಂದಾಗುವುದರಿಂದ ಎಲ್ಲರನ್ನೂ ಮ್ಯೂಟ್ ಮಾಡಿ, ಒಂದು ಕಡೆಯಿಂದ ಧ್ವನಿಮುದ್ರಣ ಹಾಕಿದರು. ಕತ್ತಲ ಅಂಗಳದಲ್ಲಿ ನಿಂತು ಒಬ್ಬಳೇ ಹಾಡಿದೆ. ಕೆಲಸದಲ್ಲಿದ್ದಾಗ ಪ್ರತಿ ಆಗಸ್ಟ್ 15ಕ್ಕೆ ಉಪಕೇಂದ್ರದ ಮುಂದೆ ಹಾಡುತ್ತಿದ್ದೆ. ಅದು ನಿಂತು ಎಷ್ಟು ದಿನವಾಗಿತ್ತು ಎಂಬುದು ಆಗ ನೆನಪಾಯಿತು.

ಆಮೇಲೆ ಅವರ ನಾಲ್ಕು ಪ್ರಶ್ನೆಗಳನ್ನು ಓದಿದರು. ಯೋಚಿಸುವುದು, ಹೇಳುವುದು, ಮಾಡುವುದು ಏನೇ ಇರಲಿ, ಇದು ಸತ್ಯವೇ, ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ, ಸದ್ಭಾವನೆ ಮತ್ತು ಸ್ನೇಹ ಬೆಳೆಸುವಂಥದೇ, ಎಲ್ಲರಿಗೂ ಹಿತವೇ ಎಂದು. 1932ರಲ್ಲಿ ಹರ್ಬರ್ಟ್ ಟೇಲರ್ ಎಂಬ ವ್ಯಾಪಾರಿ ಮುಳುಗುತ್ತಿದ್ದ ತನ್ನ ಕಂಪನಿಗಾಗಿ ಬರೆದುಕೊಂಡ ಪ್ರಶ್ನೆಗಳಿವು. ಕನ್ನಡದಲ್ಲಿ ಓದಿದ್ದರಿಂದ ಕಿವಿಗೆ ನೇರ ಬಿದ್ದವು.

ಇಲ್ಲಿಂದ ಮುಂದಿನ 22 ನಿಮಿಷ ನನಗೆ ಹಿಡಿಸಲಿಲ್ಲ. ನಿಕಟಪೂರ್ವ ಅಧ್ಯಕ್ಷರಿಗೆ ಸ್ವಾಗತ, ಹಲವು ಕ್ಲಬ್ಬುಗಳನ್ನು ನೋಡಿಕೊಳ್ಳುವ ರೋಟರಿಯ ಸಹಾಯಕ ಗವರ್ನರಿಗೆ ಸ್ವಾಗತ, ಬೇರೆ ಕ್ಲಬ್ಬುಗಳಿಂದ ಬಂದ ಪೂರ್ವಾಧ್ಯಕ್ಷರಿಗೆ ಹೆಸರು ಹಿಡಿದು ಸ್ವಾಗತ, ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ. ಎದುರಾಬದುರು ಕೂತ ಸಭೆಯಲ್ಲಿ ಇದಕ್ಕೊಂದು ಕಳೆ ಇರುತ್ತದೆ. ಚಪ್ಪಾಳೆ ಇರುತ್ತದೆ, ಪಕ್ಕದವರ ಜೊತೆ ಎರಡು ಮಾತು ಇರುತ್ತದೆ. ಮೊಬೈಲಿನಲ್ಲಿ ಬರೀ ಹೆಸರುಗಳ ಪಟ್ಟಿ. ಅದು ಮುಗಿಯುವುದರೊಳಗೆ 41 ಇದ್ದ ಸಂಖ್ಯೆ 33ಕ್ಕೆ ಇಳಿದದ್ದನ್ನು ನಾನೇ ನೋಡಿದೆ. ಹೋದವರಲ್ಲಿ ಮುಂದಿನ ಮಾತು ಕೇಳಬೇಕಾದವರೂ ಇದ್ದರೇನೋ. ಹುಟ್ಟುಹಬ್ಬದ ಹಾರೈಕೆಯನ್ನು ವಾಟ್ಸ್‌ಆಪ್ ಗುಂಪಿಗೆ ಹಾಕಿದರೂ ತಲುಪುತ್ತದಲ್ಲ?

ಡಾಕ್ಟರು ಚುರುಕಾಗಿ ಮಾತಾಡಿದರು. 1985ರಲ್ಲಿ ಪೋಲಿಯೊ ನಿರ್ಮೂಲನೆಗೆಂದು ರೋಟರಿ ಪೋಲಿಯೊಪ್ಲಸ್ ಶುರು ಮಾಡಿದ್ದು, ಭಾರತದ ಕೊನೆಯ ಪ್ರಕರಣ 2011ರ ಜನವರಿ 13ರಂದು ಹೌರಾದ ಒಂದು ಹೆಣ್ಣುಮಗುವಿನಲ್ಲಿ ಕಂಡದ್ದು, 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿದ್ದು, ಪಾಕಿಸ್ತಾನ ಅಫ್ಘಾನಿಸ್ತಾನಗಳಲ್ಲಿ ಇನ್ನೂ ಹೋಗದಿರುವುದು, ಎಲ್ಲ ಹೇಳಿದರು. ಸ್ಲೈಡಿನ ಅಕ್ಷರ ಮಾತ್ರ ಮೊಬೈಲಿನಲ್ಲಿ ಇರುವೆ ಸಾಲಿನಷ್ಟು. ನಮ್ಮಂಥವರು ಬರುವುದು ಮೊಬೈಲಿನಿಂದಲೇ ಎಂಬುದನ್ನು ನೆನಪಿಡಬೇಕು.

ಆಮೇಲೆ ನನ್ನ ಸರದಿ. 1995ರ ಡಿಸೆಂಬರಿನಲ್ಲಿ ಮೊದಲ ಪಲ್ಸ್ ಪೋಲಿಯೊ ನಡೆದಾಗ ನಾನು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಆರೋಗ್ಯ ಉಪಕೇಂದ್ರದಲ್ಲಿ ಎಎನ್‌ಎಂ, ಅಂದರೆ ಸಹಾಯಕ ನರ್ಸ್. ಹೊಳೆಬಾಗಿಲಿನಿಂದ ಲಾಂಚಿನಲ್ಲಿ ದಾಟಬೇಕು. ಲಸಿಕೆ ಕ್ಯಾರಿಯರ್ ಎಂದರೆ ಒಂದು ನೀಲಿ ಡಬ್ಬಿ, ನಾಲ್ಕು ಬದಿಗೆ ನಾಲ್ಕು ಐಸ್‌ಪ್ಯಾಕು, ನಡುವೆ ಸೀಸೆಗಳು. ಲಾಂಚಿನಲ್ಲಿ ನೆರಳು ಇರುವ ಕಡೆ ಹುಡುಕಿ, ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದೆ. ಆ ಮೇಲಿನ ವರ್ಷಗಳಲ್ಲಿ ಸೀಸೆಯ ಮೇಲೆ ಒಂದು ಗುರುತು ಬಂತು, ನೇರಳೆ ವೃತ್ತದೊಳಗೆ ಬಿಳಿ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಬರುತ್ತದೆ. ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆ ಬಳಸುವಂತಿಲ್ಲ. ಒಂದು ಸೀಸೆಯಲ್ಲಿ 20 ಮಕ್ಕಳಿಗೆ ಆಗುವಷ್ಟು ಇರುತ್ತಿತ್ತು. ದಾಟಿದ ಕೂಡಲೇ ಡಬ್ಬಿ ತೆರೆದು ಚೌಕ ಬೆಳ್ಳಗಿದೆಯೇ ನೋಡುವುದು ನನಗೆ ದೇವರಿಗೆ ಕೈ ಮುಗಿದಷ್ಟೇ ಅಭ್ಯಾಸವಾಗಿತ್ತು.

ಇದನ್ನೆಲ್ಲ ಹೇಳಿದೆ. ಮಗುವಿನ ಕೆನ್ನೆ ಮೆಲ್ಲಗೆ ಒತ್ತಿ ಬಾಯಿ ತೆರೆಸಿ ಎರಡು ಹನಿ ಹಾಕುವುದು, ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವುದು, ಮನೆಮನೆಗೆ ಹೋದಾಗ ಎಲ್ಲ ಮಕ್ಕಳಿಗೂ ಆಗಿದ್ದರೆ ಗೋಡೆ ಮೇಲೆ 'ಪಿ', ಯಾರಾದರೂ ಉಳಿದಿದ್ದರೆ 'ಎಕ್ಸ್' ಬರೆಯುವುದು. ಮಸ್ಕತ್‌ನಲ್ಲಿರುವ ಸದಸ್ಯರೊಬ್ಬರು, ಅವರಿಗೆ ಆಗ ಸಂಜೆ ಆರೂವರೆ ದಾಟಿರಬೇಕು, ಆಫೀಸಿನಲ್ಲೇ ಕೂತಿದ್ದರು. "ಎಕ್ಸ್ ಬರೆದ ಮನೆಗೆ ಎಷ್ಟು ಸಲ ಹೋಗ್ತಿದ್ರಿ ಅಕ್ಕಾ?" ಎಂದು ಕೇಳಿದರು. 'ಪಿ' ಆಗುವವರೆಗೆ, ಎಂದೆ. ಒಂದು ಮನೆಗೆ ಆರು ಸಲ ಹೋಗಿದ್ದೆ. ಆರನೆಯ ಸಲ ಆ ಮಗುವಿನ ಅಜ್ಜಿಯೇ ಎತ್ತಿಕೊಂಡು ಎದುರು ಬಂದರು.

ಪ್ರಶ್ನೆ ಕೇಳುವ ಕ್ರಮ ಹಿಡಿಸಿತು. ಸಭಾಂಗಣದಲ್ಲಿ ಮುಂದಿನ ಸಾಲಿನವರಿಗೇ ಮೈಕ್ ಹೋಗುತ್ತದೆ. ಇಲ್ಲಿ ಕೈ ಎತ್ತಿದ ಸರದಿಯಲ್ಲೇ ಕರೆದರು, ಪೂರ್ವಾಧ್ಯಕ್ಷರೂ ಕಾದರು.

ಮೂರನೆಯವರಾಗಿ ಮಾತಾಡಿದವರು ಒಬ್ಬ ಟೈಲರ್. ಐವತ್ತರ ಆಸುಪಾಸು, ಹಿಂದೆ ಗೋಡೆಯ ಮೊಳೆಗಳಲ್ಲಿ ಹೊಲಿದ ಬ್ಲೌಸುಗಳು ತೂಗುತ್ತಿದ್ದವು. ಎರಡು ವರ್ಷದವರಿದ್ದಾಗ ಜ್ವರ ಬಂದು ಬಲಗಾಲು ಹೋದದ್ದು, ಪೋಲಿಯೊ. ತಮ್ಮೂರಿನ ಸೇವಾ ಸಂಘವೊಂದು ಪೋಲಿಯೊ ಲಸಿಕೆ ಕೆಲಸಕ್ಕೆ ಬಹಳ ದುಡಿಯುತ್ತಿತ್ತಂತೆ. ಇವರಿಗೂ ಸೇರಬೇಕೆಂಬ ಆಸೆ. ಆದರೆ ಅದರ ಸಭೆ ನಡೆಯುತ್ತಿದ್ದದ್ದು ಒಂದು ಹೋಟೆಲಿನ ಮಹಡಿಯ ಮೇಲೆ, ಲಿಫ್ಟ್ ಇಲ್ಲ. "ಎರಡು ಸಲ ಹೋದೆ. ಇಬ್ಬರು ಹಿಡ್ಕೊಂಡು ಹತ್ತಿಸಿದರು. ಅವರಿಗೆ ಪ್ರೀತಿ ಇತ್ತು. ಆದರೆ ಪ್ರತಿ ವಾರ ಹಿಡಿದು ಹತ್ತಿಸಿ ಅಂತ ಹೇಗೆ ಕೇಳೋದು? ಬಿಟ್ಟೆ. ಈ ಕ್ಲಬ್ಬಿಗೆ ಮೆಟ್ಟಿಲಿಲ್ಲ, ಅದಕ್ಕೇ ಸೇರಿದೆ." ಇಷ್ಟು ಹೇಳಿ, ಮುಂದಿನ ವರ್ಷದ ಲೆಕ್ಕಪತ್ರದ ಜವಾಬ್ದಾರಿ ತಮ್ಮದು ಎಂದು ಸೇರಿಸಿದರು.

ನನಗೆ ಆಮೇಲೆ ಸ್ವಲ್ಪ ಹೊತ್ತು ಬೇರೆಯವರ ಮಾತು ತಲೆಗೆ ಹೋಗಲಿಲ್ಲ. ಅಷ್ಟು ವರ್ಷ ಮಕ್ಕಳ ಬಾಯಿಗೆ ಹನಿ ಹಾಕಿದ್ದೇನೆ, ಹೊಸ ಪ್ರಕರಣ ಬರಬಾರದು ಎಂದೇ ಓಡಾಡಿದ್ದೇನೆ. ನಾವು ಬರುವುದಕ್ಕೆ ಮೊದಲೇ ಕಾಲು ಕಳೆದುಕೊಂಡವರು ಪ್ರಮಾಣಪತ್ರ ಬಂದ ಮೇಲೆ ಎಲ್ಲಿ ಹೋದರು, ಯಾವ ಮಹಡಿಯ ಕೆಳಗೆ ನಿಂತುಬಿಟ್ಟರು ಎಂದು ನಾನು ವಿಚಾರಿಸಿದವಳಲ್ಲ. ತುಮರಿ ಕಡೆ ಒಬ್ಬರಿದ್ದಾರೆ, ನಾನು ಕೆಲಸಕ್ಕೆ ಸೇರಿದಾಗಲೇ ಹದಿನೈದರ ಹುಡುಗ, ಕೋಲು ಊರಿಕೊಂಡು ನಡೆಯುತ್ತಿದ್ದ. ಅವರ ಹೆಸರು ಅಲ್ಲಿ ಹೇಳಲಿಲ್ಲ, ಇಂಥವರು ಒಬ್ಬರಿದ್ದಾರೆ ಎಂದಷ್ಟೇ ಹೇಳಿದೆ.

ಅಷ್ಟರಲ್ಲಿ ಮಳೆ ಹನಿಯತೊಡಗಿತು, ಕರೆಂಟು ಹೋಯಿತು, ನೆಟ್ಟು ಕಡಿಯಿತು. ಜಗಲಿಗೆ ಓಡಿ ಮತ್ತೆ ಸೇರಲು ಹೋದರೆ ಏಳು ನಿಮಿಷ ಬಾಗಿಲ ಹೊರಗೇ ನಿಲ್ಲಿಸಿತು. ಒಳಗೆ ಬಿಡಬೇಕಾದವರು ನೋಡುತ್ತಿರಲಿಲ್ಲ. ಸಭೆಯ ಉದ್ದಕ್ಕೂ ಬಾಗಿಲು ನೋಡಿಕೊಳ್ಳಲು ಒಬ್ಬರು ಇರಲೇಬೇಕು. ಹಳ್ಳಿಯಿಂದ ಬರುವವರು ಒಂದು ಗಂಟೆಯಲ್ಲಿ ಎರಡು ಸಲ ಹೊರಗೆ ಬೀಳುವುದು ಮಾಮೂಲಿ. ಹೊರಗೆ ನಿಂತವರಿಗೆ, ಬೇಡವೆಂದು ಬಿಟ್ಟರೇನೋ ಅನ್ನಿಸುತ್ತದೆ.

ಒಳಗೆ ಬಂದಾಗ 'ಸಂತೋಷದ ರೂಪಾಯಿ' ನಡೆಯುತ್ತಿತ್ತು. ಆ ವಾರದ ಒಂದು ಖುಷಿ ಹೇಳಿ, ಯುಪಿಐ ಮೂಲಕ ಕೈಲಾದಷ್ಟು ಹಾಕುವುದು. ಒಬ್ಬರ ಮಗಳು ಪಿಯುಸಿ ಕಿರುಪರೀಕ್ಷೆ ಚೆನ್ನಾಗಿ ಮಾಡಿದ್ದಳು, ಒಬ್ಬರ ಎಮ್ಮೆ ಕರು ಹಾಕಿತ್ತು. ಅವತ್ತಿನ ದುಡ್ಡು ಪೋಲಿಯೊ ನಿಧಿಗೆ. ರೋಟರಿ ಪೋಲಿಯೊಗೆ ಕೂಡಿಸುವ ಒಂದೊಂದು ಡಾಲರಿಗೂ ಗೇಟ್ಸ್ ಪ್ರತಿಷ್ಠಾನ ಎರಡೆರಡು ಸೇರಿಸುತ್ತದೆ, ವರ್ಷಕ್ಕೆ ರೋಟರಿಯ ಐದು ಕೋಟಿ ಡಾಲರಿನವರೆಗೆ. ನಾನು 101 ಹಾಕಿದೆ. ಖುಷಿ ಏನು ಎಂದು ಕೇಳಿದರು. ಅತ್ತೆ ಇಷ್ಟು ಹೊತ್ತೂ ನೆಮ್ಮದಿಯಾಗಿ ನಿದ್ದೆ ಮಾಡಿದರು ಎಂದೆ.

ಒಂಬತ್ತೂ ಹತ್ತಕ್ಕೆ ವಂದನಾರ್ಪಣೆಯಾಯಿತು, ಸಭೆ ಮುಗಿಯಿತು. ಪರದೆ ಥಟ್ಟನೆ ಕಪ್ಪಾಗುತ್ತದೆ, ಅದೊಂದು ನೋವು. ಹಿಂದೆ ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ರೋಟರಿಯವರು ಬೂತಿಗೆ ಉಪ್ಪಿಟ್ಟು, ಕಾಫಿ ತಂದು ಕೊಡುತ್ತಿದ್ದರು. ಲಸಿಕೆಯ ಮಾತಿಗಿಂತ ಆ ಉಪ್ಪಿಟ್ಟಿನ ಹೊತ್ತಿನಲ್ಲೇ ಪರಿಚಯ ಬೆಳೆಯುತ್ತಿತ್ತು. ಸಭೆ ಮುಗಿದ ಮೇಲೆ ಹತ್ತು ನಿಮಿಷ ಕೋಣೆ ತೆರೆದಿಟ್ಟರೆ, ಇರುವವರು ಇದ್ದು ಮಾತಾಡಿಕೊಳ್ಳಬಹುದು. ಇದನ್ನೂ ಕಾರ್ಯದರ್ಶಿಗೆ ಹೇಳಿದ್ದೇನೆ, ಬರೆದುಕೊಂಡಳು.

ಐದಕ್ಕೆ ನಾಲ್ಕು ಕೊಡುತ್ತೇನೆ. ಸಮಯಕ್ಕೆ ಶುರುಮಾಡಿ, ಸ್ವಾಗತದ ಪಟ್ಟಿಯನ್ನು ಐದು ನಿಮಿಷಕ್ಕೆ ಇಳಿಸಿದರೆ ಐದೂ ಕೊಡಲು ಅಡ್ಡಿಯಿಲ್ಲ. ಓಡಾಡುವ ಶಕ್ತಿ, ಸಂಜೆಯ ಬಿಡುವು ಎರಡೂ ಇರುವವರು ಊರಿನ ಕ್ಲಬ್ಬಿಗೇ ಹೋಗಲಿ, ಅಲ್ಲಿ ಕೈಗೆ ಕೈ ಸೇರುತ್ತದೆ. ಅದು ಸಾಧ್ಯವಿಲ್ಲದವರಿಗೆ ಇದು ಎರಡನೆಯ ದರ್ಜೆಯ ಸಭೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಸೋಮವಾರ ಬೆಳಿಗ್ಗೆ ಟೈಲರ್ ಅಣ್ಣನೇ ಫೋನ್ ಮಾಡಿದರು. "ತುಮರಿ ಕಡೆಯವರು ಅಂದ್ರಲ್ಲ ಅಕ್ಕಾ, ಅವರಿಗೆ ಕ್ಯಾಲಿಪರ್ ಇದೆಯಾ?" ಕಾಲಿಗೆ ಕಟ್ಟಿಕೊಳ್ಳುವ ಆಸರೆ ಅದು. ಇಲ್ಲ, ಯಾವತ್ತೂ ಇರಲಿಲ್ಲ. ಈ ವಯಸ್ಸಿಗೆ ಹೊಂದುತ್ತದೋ ಇಲ್ಲವೋ, ಅಳತೆ ತೆಗೆಯುವವರೇ ನೋಡಿ ಹೇಳಬೇಕು ಎಂದರು. ಮೊದಲು ತುಮರಿಯವರನ್ನೇ ಕೇಳಬೇಕು ಎಂದೆ, ಅವರ ನಂಬರು ಹುಡುಕಿ ನಾನೇ ಮಾತಾಡಿದೆ. ದನಿ ಗುರುತು ಹಿಡಿದು "ಸಿಸ್ಟರ್ ಅಲ್ವಾ?" ಎಂದರು. ಬರಲಿ, ನೋಡಲಿ ಅಂದಿದ್ದಾರೆ. ನವೆಂಬರಿನ ಎರಡನೆಯ ಭಾನುವಾರ ಕ್ಲಬ್ಬಿನ ಇಬ್ಬರು, ಅಳತೆಯವರೊಬ್ಬರು ಹೋಗುತ್ತಾರೆ. 2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಸೇತುವೆ ತೆರೆದಿದೆ, ಲಾಂಚಿಗೆ ಕಾಯಬೇಕಾಗಿಲ್ಲ, ಗಾಡಿ ಅವರ ಅಂಗಳದವರೆಗೂ ಹೋಗುತ್ತದೆ.